ಏಳನೆಯ ಮುಳುಗು

ಕೊಂಕಣ ರೈಲು ನಮ್ಮ ಕಡೆ ಓಡತೊಡಗಿ ಒಂದೆರಡು ವರ್ಷವಾಗಿತ್ತಷ್ಟೆ. ಹೆಮ್ಮಾಡಿಯಲ್ಲಿ ಬಸ್ಸಿಳಿದು ಗದ್ದೆ ದಾಟಿ ಹೊಳೆಯ ಕಡೆಗೆ ನಡೆದರೆ ಸಿಗುವ ನಮ್ಮ ಮನೆಗೆ ಆಗಿನ್ನೂ ಫೋನು ಬಂದಿರಲಿಲ್ಲ. ಹೆಣ್ಣು ನೋಡಲು ಬರುವವರು ಮೊದಲೇ ಕಾಗದ ಬರೆದು ಬರುತ್ತಿದ್ದ ದಿನಗಳವು. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ಬೈಂದೂರಿನಿಂದ ಅಂಥದ್ದೊಂದು ಕಾಗದ ಬಂತು, ನಮ್ಮ ಚಿಕ್ಕಿಗಾಗಿ.

ಚಿಕ್ಕಿ ಎಂದರೆ ಅಮ್ಮನ ತಂಗಿ ಗುಲಾಬಿ. ಜಗಲಿಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಊರಿನ ಹೆಂಗಸರಿಗೆಲ್ಲ ಗಿಡ್ಡ ತೋಳಿನ ರವಿಕೆ ಹೊಲಿದು ಕೊಡುತ್ತಿದ್ದವಳು ತನಗೆ ಮಾತ್ರ ಮಣಿಕಟ್ಟಿನವರೆಗೆ ತೋಳು ಇಟ್ಟುಕೊಳ್ಳುತ್ತಿದ್ದಳು. ಅವಳ ಬಲಗೈಯ ಬೆರಳ ಬುಡದಿಂದ ಮೊಣಕೈವರೆಗೆ ಬಿಳಿ ಕಲೆಗಳಿದ್ದವು. ಕೊಲ್ಲೂರಿಗೆ ಹರಕೆ ಹೊತ್ತು ಸೌಪರ್ಣಿಕೆಯಲ್ಲಿ ಮಿಂದದ್ದಾಗಿತ್ತು, ಪಂಡಿತರ ಎಣ್ಣೆ ಹಚ್ಚಿದ್ದಾಗಿತ್ತು. ಆ ಎಣ್ಣೆಯ ಕಹಿ ವಾಸನೆ ಹೊಸ ಬಟ್ಟೆಯ ಗಂಜಿಯ ವಾಸನೆಯ ಜೊತೆ ಬೆರೆತು ಮೂಗಿಗೆ ಬಂದರೆ ನನಗೆ ಈಗಲೂ ಚಿಕ್ಕಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಂತಾಗುತ್ತದೆ.

ಕಲೆ ಕಂಡು ಎರಡು ಸಂಬಂಧ ಮುರಿದುಹೋಗಿದ್ದವು. ಈ ಸಲ ಅಮ್ಮಮ್ಮ ಗಟ್ಟಿ ಮನಸ್ಸು ಮಾಡಿದ್ದಳು.

"ಕೈಗೆ ಬಣ್ಣ ಹಚ್ಚಿ ಕೂರ್ಸುವ. ಮದಿ ಒಂದ್ ಆಯ್ಲಿ. ಮತ್ತ್ ಗೊತ್ತಾರೆ ಗೊತ್ತಾಯ್ಲಿ" ಅಂದಳು. ಮದುವೆಯೊಂದು ಆಗಿಬಿಟ್ಟರೆ ಸಾಕೆಂಬುದು ಅವಳ ಲೆಕ್ಕ.

ಚಿಕ್ಕಿ ಮಿಷನ್ನಿನ ಪೆಡಲ್ ತುಳಿಯುತ್ತಲೇ ಇದ್ದಳು.

ಪಕ್ಕದ ಮನೆಯ ಲಿಲ್ಲಿ ಬಾಯಿ ಆ ವಾರ ರವಿಕೆಯ ಅಳತೆ ಕೊಡಲು ಬಂದಿದ್ದಳು. ಕ್ರಿಶ್ಚಿಯನ್ನರ ಮನೆಯ ಮುದುಕಿ. ಬಾಯಿ ತುಂಬ ಎಲೆಯಡಿಕೆ, ತಲೆ ತುಂಬ ಬೈಬಲಿನ ಕಥೆ. ಕಥೆ ಹೇಳು ಅಂತ ನಾನು ಸೆರಗು ಜಗ್ಗಿದೆ.

"ಒಬ್ಬ ದೊಡ್ಡ್ ಸೇನಾಪತಿ ಇದ್ದಿದ್ದ ಮಗಾ, ನಾಮಾನ ಅಂದೇಳಿ" ಎಂದು ಶುರು ಮಾಡಿದಳು. ಅವನಿಗೆ ಕುಷ್ಠವಂತೆ. ಆ ರೋಗಕ್ಕೆ ಮೈ ಹಿಮದಂತೆ ಬೆಳ್ಳಗಾಗುತ್ತಿತ್ತಂತೆ. ಬೆಳ್ಳಗೆ ಎಂದದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು. ಅವನ ಮನೆಯಲ್ಲಿ ಸೆರೆ ತಂದ ಒಬ್ಬ ಪುಟ್ಟ ಹುಡುಗಿಯಿದ್ದಳಂತೆ. ನಮ್ಮೂರಿನ ಪ್ರವಾದಿಯ ಹತ್ತಿರ ಹೋದರೆ ಗುಣವಾಗುತ್ತದೆ ಅಂತ ಹೇಳಿದವಳು ಅವಳೇ. ಹೋದರೆ ಪ್ರವಾದಿ ಹೊರಗೇ ಬರಲಿಲ್ಲ. ಜೋರ್ದಾನ್ ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಹೇಳಿ ಕಳಿಸಿದ. ನಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಹೊಳೆಗಳಿಲ್ಲವೇ ಅಂತ ಸೇನಾಪತಿ ಸಿಟ್ಟಾದ. ಆಳುಗಳು ಸಮಾಧಾನ ಮಾಡಿದ ಮೇಲೆ ಇಳಿದು ಮುಳುಗಿದ. ಏಳನೆಯದಕ್ಕೆ ಅವನ ಮೈ ಸಣ್ಣ ಮಗುವಿನ ಮೈಯ ಹಾಗಾಯಿತು.

ಚಿಕ್ಕಿಗಿದ್ದದ್ದು ಆ ರೋಗವಲ್ಲ ಎಂದು ಆಗ ನನಗೆ ಯಾರು ಹೇಳಿದ್ದರು? ಆ ಪುಟ್ಟ ಹುಡುಗಿ ನಾನೇ ಎಂದು ತೀರ್ಮಾನವಾಗಿಹೋಗಿತ್ತು. ಎರಡು ದಿನ ಕಾಡಿದೆ, ಊಟ ಬಿಟ್ಟೆ. ಮೂರನೆಯ ಬೆಳಿಗ್ಗೆ ಚಿಕ್ಕಿ ನನ್ನ ಕೈ ಹಿಡಿದು ಹೊಳೆಗೆ ಬಂದಳು. ಕಡಲಿನ ಭರತಕ್ಕೆ ಹೊಳೆಯ ನೀರು ಏರಿ ಕಟ್ಟೆಯ ಕಲ್ಲುಗಳನ್ನು ಮುಟ್ಟಿತ್ತು. ಸೊಂಟದವರೆಗೆ ಇಳಿದು, ಆಚೀಚೆ ಯಾರೂ ಇಲ್ಲವೆಂದು ನೋಡಿ, ತೋಳು ಮೇಲೆ ಸರಿಸಿದಳು. ಮುಳುಗಿದಳು. ನಾನು ಕಟ್ಟೆಯ ಮೇಲೆ ಕೂತು ಬೆರಳು ಮಡಚಿ ಎಣಿಸಿದೆ. ನಾಲ್ಕನೆಯದಕ್ಕೆ ಅವಳು ನಕ್ಕದ್ದೂ ನೆನಪಿದೆ. ಆರಾದ ಮೇಲೆ ಮುಖದ ನೀರು ಒರೆಸಿಕೊಂಡು ನಿಂತುಬಿಟ್ಟಳು.

"ಚಿಕ್ಕೀ, ಇನ್ನೊಂದ್."

"ಸಾಕ್ ಮಗಾ."

"ಏಳ್ ಆಯ್ಕ್. ಲಿಲ್ಲಿ ಬಾಯಿ ಹೇಳಿದ್ದ್ ಏಳ್."

"ಏಳನೇದ್ ಇರ್ಲಿ" ಅಂದಳು, ಕೈಯನ್ನೇ ನೋಡುತ್ತ. "ಅದೂ ಮುಗ್ದ್, ಎಂತದೂ ಆಗ್ದೇ ಇದ್ರೆ, ನಂಗ್ ಮತ್ತೆಂತ ಉಳ್ದಿತ್ತ್?"

ಆ ಮಾತು ನನಗೆ ಅರ್ಥವಾಗಲಿಲ್ಲ. ಸಿಟ್ಟು ಮಾತ್ರ ಬಂತು. ಒಂದೇ ಒಂದು ಬಾಕಿಯಿರುವಾಗ ಯಾರಾದರೂ ಎದ್ದು ಬರುತ್ತಾರೆಯೇ? ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿಯಲಿಲ್ಲ.

ಆ ಭಾನುವಾರ ಅವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. "ಹ್ವಾಯ್, ಯಾರಿದ್ರಿ ಮನಿಯಗೆ" ಎಂದು ಮಾವ ಅಂಗಳದಿಂದಲೇ ಕರೆದ. ಕಾಲಿಗೆ ನೀರು ಕೊಟ್ಟದ್ದಾಯಿತು, ಬೆಲ್ಲ ನೀರು ಕೊಟ್ಟದ್ದಾಯಿತು. ಒಳಗೆ ಗೋಳಿಬಜೆ ಕರಿಯುವ ವಾಸನೆ. ಅಮ್ಮಮ್ಮ ಕುಂದಾಪುರದ ಫ್ಯಾನ್ಸಿ ಅಂಗಡಿಯಿಂದ ತರಿಸಿದ ಕ್ರೀಮನ್ನು ಚಿಕ್ಕಿಯ ಕೈಗೆ ಬಳಿದು, ಮೇಲೆ ಪೌಡರು ಒತ್ತಿದ್ದಳು. ಕೈ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಕೈಯಲ್ಲೊಂದು ಹಿತ್ತಾಳೆ ಚೆಂಬಿತ್ತು. ಬೆಳಿಗ್ಗೆಯೇ ಓಡಿಹೋಗಿ ಹೊಳೆಯ ನೀರು ತುಂಬಿಸಿ ತಂದು ಅಡಗಿಸಿಟ್ಟಿದ್ದೆ.

ಚಿಕ್ಕಿ ಚಹಾದ ತಟ್ಟೆ ತಂದು ಸ್ಟೂಲಿನ ಮೇಲಿಟ್ಟಳು. ಒಂದು ಲೋಟ ಎತ್ತಿ ಹುಡುಗನ ತಾಯಿಯ ಕಡೆ ಕೈ ಚಾಚಿದಳು. ನಾನು ಓಡಿಬಂದು, "ಏಳ್" ಎಂದು ಗಟ್ಟಿಯಾಗಿ ಹೇಳಿ, ಚೆಂಬಿನ ನೀರನ್ನೆಲ್ಲ ಆ ಕೈಯ ಮೇಲೆ ಸುರಿದೆ. ಎಲ್ಲರ ಕಣ್ಣೆದುರೇ ಕೈ ಸಣ್ಣ ಮಗುವಿನ ಕೈಯ ಹಾಗಾಗುತ್ತದೆಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬಣ್ಣ ಹೋಯಿತು. ಕಂದು ಗೆರೆಗಳಾಗಿ ಬೆರಳಿಗಿಳಿದು, ಚಹಾದ ಲೋಟಕ್ಕೆ, ಸೀರೆಯ ನೆರಿಗೆಗೆ ತೊಟ್ಟಿಕ್ಕಿತು. ಕೆಳಗಿನ ಬಿಳುಪು ಹಾಗೇ ಇತ್ತು. ಹುಡುಗನ ತಾಯಿ ಕಾಲು ಹಿಂದಕ್ಕೆಳೆದುಕೊಂಡಳು. ಯಾರೂ ಏರಿದ ದನಿಯಲ್ಲಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಸೋದರಮಾವ ಎದ್ದು, "ಬಸ್ಸಿಗೆ ಹೊತ್ತಾಯ್ತ್, ನಾವ್ ಬತ್ತೊ" ಅಂದ. ಚಹಾ ಹಾಗೇ ಉಳಿಯಿತು.

ಅಮ್ಮ ನನಗೆ ಹೊಡೆದಳು. ಎರಡನೆಯ ಏಟಿಗೆ ಚಿಕ್ಕಿ ಅಡ್ಡ ಬಂದಳು. "ಹೊಡಿಬ್ಯಾಡ ಅಕ್ಕ. ಮಗು ಎಣ್ಸಿದ್ದ್ ಸಮ ಇತ್ತ್" ಅಂದಳು. ಇವತ್ತಿಗೂ ನನಗೆ ಆ ಏಟು ನೋಯುವುದಿಲ್ಲ, ಈ ಮಾತು ನೋಯುತ್ತದೆ.

ಅಳುತ್ತ ಲಿಲ್ಲಿ ಬಾಯಿಯ ಮನೆಗೆ ಹೋಗಿ, ನೀ ಹೇಳಿದ್ದೆಲ್ಲ ಸುಳ್ಳು ಅಂದೆ. ನಡೆದದ್ದನ್ನು ಕೇಳಿ ಮುದುಕಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತಳು.

"ಗುಣ ಆದ್ದ್ ನೀರಿಂದ ಅಲ್ಲ ಮಗಾ. ನೀರಿಗ್ ಅಷ್ಟ್ ಶಕ್ತಿ ಇದ್ದಿರೆ, ದಿನಾ ಹೊಳಿಯಗ್ ಇಳಿವ ನಿಮ್ಮನಿಯರಿಗೆ ಒಂದ್ ಕಾಯ್ಲೆಯೂ ಇರ್ತಿರ್ಲಿಲ್ಲ. ಅವ ಸೇನಾಪತಿ. ಅಷ್ಟ್ ಜನದ್ ಎದ್ರ್ ಅಂಗಿ ತೆಗ್ದ್, ಅಡ್ಗಿಸಿಟ್ಟದ್ದನ್ನ ತೋರ್ಸಿ ಇಳ್ದ. ದೇವ್ರಿಗ್ ಬೇಕಾದ್ದ್ ಅದ್."

"ಚಿಕ್ಕಿದೂ ಎಲ್ಲರಿಗೂ ಕಂಡಿತಲ್ಲ?" ಅಂತ ಕೇಳಿದೆ.

ಲಿಲ್ಲಿ ಬಾಯಿ ಸೆರಗಿನಿಂದ ನನ್ನ ಕಣ್ಣೊರೆಸಿದಳು. "ಅವ ತಾನಾಯ್ ತೆಗ್ದ ಮಗಾ" ಅಂದಳು. "ಬೇರೆಯರ್ ತೆಗ್ದದ್ದಲ್ಲ."

ಅದೇ ವಾರ ಚಿಕ್ಕಿ ತನ್ನ ರವಿಕೆಗಳನ್ನೆಲ್ಲ ರಾಶಿ ಹಾಕಿಕೊಂಡು ತೋಳು ಕತ್ತರಿಸಿದಳು. ಸಿಟ್ಟಿನಿಂದಲೋ ಹಗುರಾಗಿಯೋ ನನಗೆ ತಿಳಿಯದು, ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಯಾರೂ ಕಾಗದ ಬರೆಯಲಿಲ್ಲ. ಈಗ ಬಿಳುಪು ಅವಳ ಮುಖಕ್ಕೂ ಬಂದಿದೆ. ಅದೇ ಜಗಲಿಯಲ್ಲಿ ಕೂತು ಹೊಲಿಯುತ್ತಾಳೆ, ನಾನು ಹೋದರೆ ಗೋಳಿಬಜೆ ಮಾಡುತ್ತಾಳೆ. ಹೊಳೆಗೆ ಮಾತ್ರ ಆ ಬೇಸಿಗೆಯಿಂದೀಚೆಗೆ ಇಳಿದಿಲ್ಲ.

ಲಿಲ್ಲಿ ಬಾಯಿ ಇಲ್ಲ, ಹೊಳೆಯ ಕಟ್ಟೆಯೂ ಇಲ್ಲ. ಒಂದು ಚೆಂಬು ನೀರಿನಿಂದ ಎಲ್ಲ ಸರಿಯಾಗುತ್ತದೆ ಎಂಬ ನನ್ನ ನಂಬಿಕೆಯೂ ಇಲ್ಲ. ಅದು ನನ್ನದು, ದೊಡ್ಡವಳಾಗುತ್ತ ಹೇಗೂ ಹೋಗುತ್ತಿತ್ತು. ಚಿಕ್ಕಿಯದು ಹಾಗಲ್ಲ. ಒಂದು ಮುಳುಗನ್ನು ಅವಳು ತನಗೆಂದು ಉಳಿಸಿಕೊಂಡಿದ್ದಳು. ಅದನ್ನು ನಾನು ಮುಗಿಸಿಬಿಟ್ಟೆ.