ಗೇಟಿನಲ್ಲಿ ತಪ್ಪಿರಲಿಲ್ಲ ಚಾಚಾ

ಮೆಹಬೂಬ ಚಾಚಾ ಕರೆಂಟಿನ ಗೇಟು ಕೂರಿಸಿದ ಮೇಲೆ ಅದರ ಮಾಲೀಕನನ್ನೇ ಹಾದಿಗೆ ಅಡ್ಡ ನಿಲ್ಲಿಸುತ್ತಿದ್ದರು. ಗೇಟು ತಾನಾಗಿ ಸರಿದು ಬರಬೇಕು, ಮಾಲೀಕನನ್ನು ಕಂಡು ನಿಲ್ಲಬೇಕು, ಹಿಂದಕ್ಕೆ ಹೋಗಬೇಕು. ಅಲ್ಲಿಯವರೆಗೆ ರಿಮೋಟು ಅವರ ಕಿಸೆಯಿಂದ ಹೊರಗೆ ಬರುತ್ತಿರಲಿಲ್ಲ. "ಗೇಟಿಗಿ ತಾಕತ್ ಅದರಿ, ಅಕಲ್ ಇಲ್ಲ. ಅಕಲ್ ನಾವು ಹಾಕಬೇಕು," ಎನ್ನುತ್ತಿದ್ದರು.

ಜೇವರ್ಗಿಯಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರ ತಾನು ನಿಲ್ಲಲು ಒಪ್ಪದೆ ವಾಚ್‌ಮನ್‌ನನ್ನು ಮುಂದೆ ನೂಕಿದನಂತೆ. ಚಾಚಾ ಇಬ್ಬರನ್ನೂ ನೋಡಿ, "ಅವನ ಮೈ ಬ್ಯಾರೆ ಮಣ್ಣಿಂದ ಮಾಡ್ಯಾರೇನ್ರಿ?" ಎಂದರು. ಗುತ್ತಿಗೆದಾರ ಹೆಚ್ಚು ಮಾತು ಬೇಡ ಎಂದು ಜೋರು ಮಾಡಿದ. ಚಾಚಾ ಜೋರು ಮಾಡಲಿಲ್ಲ. ಪಾನಾ ತೆಗೆದುಕೊಂಡು ಮೋಟಾರು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಟಂಟಂ ಆಟೋದಲ್ಲಿ ಇಟ್ಟುಕೊಂಡು ತಮ್ಮೂರು ಅಫಜಲಪುರಕ್ಕೆ ಹೊರಟೇಬಿಟ್ಟರು. ಯಡ್ರಾಮಿಯವರೆಗೂ ಈ ಸುದ್ದಿ ಹಬ್ಬಿತು. ಕೆಲವರು ನಕ್ಕರು. ನನ್ನಂಥವರು ಮಾತ್ರ, ಗೇಟು ಹಾಕಿಸಿದರೆ ಈ ಮನುಷ್ಯನಿಂದಲೇ ಎಂದುಕೊಂಡೆವು.

ಆಳಂದದಲ್ಲಿ ನನ್ನದೊಂದು ತೊಗರಿ ಬೇಳೆ ಮಿಲ್ಲು. ನಾಲ್ಕು ವರ್ಷದ ಹಿಂದೆ ಅದಕ್ಕೆ ಚಾಚಾ ಪಕ್ಕಕ್ಕೆ ಸರಿಯುವ ದೊಡ್ಡ ಗೇಟು ಕೂರಿಸಿದರು. ಅರವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಆಳು, ತಲೆಗೆ ಬಿಳಿ ಟೋಪಿ, ಕಿವಿಯ ಮೇಲೆ ಪೆನ್ಸಿಲ್ಲು. ಸೊಲ್ಲಾಪುರದಲ್ಲಿ ಹದಿನೈದು ವರ್ಷ ಇದೇ ಕೆಲಸ ಮಾಡಿ ಕಲಿತಿದ್ದರು. ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಹಾಗಾಗಿ ಪರವಾನಗಿಯ ಪರೀಕ್ಷೆಗೆ ಕೂರಲು ಆಗಿರಲಿಲ್ಲ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಕರೆಂಟಿನ ಕಂಬದಿಂದ ಲೈನು ಎಳೆಯುವ ಕೆಲಸಕ್ಕೆ ಕೈ ಹಾಕದೆ, ನಮ್ಮೂರಿನ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. "ಇದು ಪರವಾನಗಿ ಇದ್ದವರ ಜಿಮ್ಮೇದಾರಿರಿ. ನನ್ನ ಜಿಮ್ಮೇದಾರಿ ಇಲ್ಲಿಂದ ಈಚಿಗಿ," ಎಂದು ಮೋಟಾರಿನ ವೈರುಗಳಿದ್ದ ಪೆಟ್ಟಿಗೆಯ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ತೋರಿಸಿದ್ದರು.

ಗೇಟಿಗೆ ಅವರು ಎರಡು ಕಾವಲು ಇಟ್ಟಿದ್ದರು. ಒಂದು, ಗೇಟಿನ ಎರಡೂ ಕಂಬಗಳ ಮೇಲೆ ಎದುರುಬದುರು ಇದ್ದ ಸಣ್ಣ ಸೆನ್ಸರು. ಅದನ್ನು ಅವರು ಕಣ್ಣು ಎನ್ನುತ್ತಿದ್ದರು. ನಡುವೆ ಯಾರಾದರೂ ಬಂದರೆ ಗೇಟು ನಿಲ್ಲುತ್ತಿತ್ತು. ಇನ್ನೊಂದು, ಆ ಕಣ್ಣು ತಪ್ಪಿದರೂ ಏನಾದರೂ ತಾಗಿದ ಕೂಡಲೇ ಹಿಂದೆ ಸರಿಯಲಿ ಎಂದು ಮೋಟಾರಿನ ಜೋರನ್ನು ಕಡಿಮೆ ಇಟ್ಟಿದ್ದರು. ನಾನು ಅಡ್ಡ ನಿಂತೆ. ಗೇಟು ನನ್ನನ್ನು ಕಂಡು ಹಿಂದಕ್ಕೆ ಹೋಯಿತು. ಚಾಚಾ ರಿಮೋಟು ಕೊಟ್ಟು, "ದಿನಾ ಮುಂಜಾನೆ ಕಣ್ಣ ಒರಸಬೇಕ್ರಿ ಸಾವಕಾರ್ರ. ತೊಗರಿ ಹೊಟ್ಟು ಕುಂತ್ರ ಗೇಟು ನಡುವ ನಿಂತುಬಿಡ್ತದ. ಹಳಿ ಮ್ಯಾಲಿನ ಕಸಾನೂ ಬಳೀಬೇಕು," ಎಂದರು. ಒಂದು ಬಟ್ಟೆಯ ತುಂಡನ್ನೂ ಅವರೇ ಕೊಟ್ಟರು.

ಎಂಟು ದಿನ ಒರೆಸಿದೆವು. ಆಮೇಲೆ ಯಾರೂ ಒರೆಸಲಿಲ್ಲ. ಸುಗ್ಗಿ ಬಂತು, ಹೊಟ್ಟಿನ ಧೂಳು ಎದ್ದಿತು, ಗೇಟು ನಡುದಾರಿಯಲ್ಲಿ ನಿಲ್ಲತೊಡಗಿತು. ಹೊರಗೆ ಲಾರಿಗಳ ಸಾಲು, ಡ್ರೈವರುಗಳ ಬೈಗುಳ. ಚಾಚಾರಿಗೆ ಫೋನು ಮಾಡಿ ಆ ಕಣ್ಣನ್ನು ತೆಗೆದುಬಿಡಿ ಎಂದೆ. "ತಗಿಯಂಗಿಲ್ರಿ. ನಾ ನಾಳಿ ಬಂದು ಒರಸಿ ಕೊಡ್ತೇನಿ, ಆದ್ರ ತಗಿಯಂಗಿಲ್ಲ," ಎಂದರು. ನನಗೆ ಸಿಟ್ಟು ಬಂತು. ನನ್ನ ಮಿಲ್ಲು, ನನ್ನ ಗೇಟು, ಇವರದೇನು ದೊಡ್ಡಸ್ತಿಕೆ ಎನಿಸಿತು. ನಾವೇ ಒರೆಸಿಕೊಳ್ಳುತ್ತೇವೆ, ನೀವು ಬರಬೇಡಿ ಎಂದು ಫೋನಿಟ್ಟು, ಲೈನು ಎಳೆದಿದ್ದ ಎಲೆಕ್ಟ್ರಿಷಿಯನ್‌ನನ್ನು ಅಂದೇ ಕರೆಸಿದೆ. ಅವನ ಹತ್ತಿರ ಪರವಾನಗಿ ಇತ್ತು, ಪ್ಲಾಸ್ಟಿಕ್ಕಿನ ಹೊದಿಕೆ ಹಾಕಿಸಿದ ಸರ್ಟಿಫಿಕೇಟು ಇತ್ತು. ಹತ್ತು ನಿಮಿಷದಲ್ಲಿ ಒಂದು ತುಂಡು ವೈರಿನಿಂದ ಕಣ್ಣನ್ನು ಕುರುಡು ಮಾಡಿದ. ಕಸಕ್ಕೆ ಸಿಕ್ಕಿ ನಿಲ್ಲಬಾರದೆಂದು ಮೋಟಾರಿನ ಜೋರನ್ನೂ ಏರಿಸಿದ. ಸಾಲು ಕರಗಿತು. ನನಗೆ ಬಹಳ ಸಂತೋಷವಾಯಿತು ಎಂದು ನಾಚಿಕೆಯಿಲ್ಲದೆ ಬರೆಯುತ್ತೇನೆ.

ಹನ್ನೊಂದನೆಯ ದಿನ ಮಟಕಿ ಊರಿನ ನೀಲಮ್ಮ, ನಮ್ಮ ಅಂಗಳ ಗುಡಿಸುವವಳು, ಗೇಟಿನ ಕಂಬದ ಬುಡದಲ್ಲಿ ಚೆಲ್ಲಿದ ತೊಗರಿ ಬಳಿಯುತ್ತ ಕೂತಿದ್ದಳು. ಗೇಟು ಬಂತು. ನಿಲ್ಲಲಿಲ್ಲ.

ಅವಳನ್ನು ಟೆಂಪೋದಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದರು. ನಾನು ಜೊತೆಗೆ ಹೋಗಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದೆ. ಪೊಲೀಸರು ಬರುವುದರೊಳಗೆ ಅವನು ಆ ತುಂಡು ವೈರನ್ನು ಕಿತ್ತ, ಜೋರು ಇಳಿಸಿದ, ಕಣ್ಣುಗಳನ್ನು ಒರೆಸಿದ. ಎಲ್ಲವೂ ಚಾಚಾ ಬಿಟ್ಟುಹೋದ ಹಾಗೆಯೇ ಆಯಿತು. ಮರುದಿನ ನೀಲಮ್ಮ ತೀರಿಕೊಂಡಳು.

ಗೇಟಿನ ಹಿಂಬದಿಯಲ್ಲಿ ಚಾಚಾ ತಮ್ಮ ಹೆಸರು ಬರೆದಿದ್ದರು. ಪೊಲೀಸರು ಅವರನ್ನು ಕರೆಸಿದರು. ಅವರು ಬಂದು ಪೆಟ್ಟಿಗೆ ತೆರೆದು ನೋಡಿದರು, ವೈರುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಆಮೇಲೆ ತಾವೇ ಗೇಟಿಗೆ ಅಡ್ಡ ನಿಂತರು. ಗೇಟು ನಿಂತಿತು, ಹಿಂದೆ ಸರಿಯಿತು. ನಾಲ್ಕು ಸಲ ನಿಂತರು, ನಾಲ್ಕೂ ಸಲ ಹಾಗೆಯೇ ಆಯಿತು.

"ಎಲ್ಲಾ ಬರೋಬ್ಬರಿ ಅದರಿ ಸಾಹೇಬ್ರ," ಎಂದರು. ಅವರ ಮುಖ ಬೆಪ್ಪಾಗಿತ್ತು. "ಹಂಗಾದ್ರ ಆಕಿ ಹೆಂಗ ಸತ್ತಳ್ರಿ?"

"ಅದನ್ನ ನೀನು ಹೇಳಬೇಕು," ಎಂದರು ಸಬ್ ಇನ್ಸ್‌ಪೆಕ್ಟರು. "ಸರ್ಟಿಫಿಕೇಟ್ ಎಲ್ಲಿ ಅದ?"

"ಇಲ್ರಿ."

"ಸರ್ಟಿಫಿಕೇಟ್ ಇಲ್ಲದ ಹೆಂಗ ಕೂಡಿಸಿದಿ?"

ಚಾಚಾ ನನ್ನ ಕಡೆ ನೋಡಿದರು. ಅವರ ಕೆಲಸದ ಬಗ್ಗೆ ನಾನು ಒಂದು ಮಾತು ಆಡಿಯೇನು ಎಂದುಕೊಂಡಿರಬೇಕು. ನಾನು ಲಾರಿಗಳ ಕಡೆ ನೋಡಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಚಾಚಾ.

ಪೊಲೀಸರು ಚಾಚಾರ ಮೇಲೆ ಕೇಸು ಹಾಕಿ ಹಿಡಿದುಕೊಂಡು ಹೋದರು. ಅವರಿಗೆ ಜಾಮೀನಾಗಿ ನಿಂತವನೂ ನಾನೇ. ಅಷ್ಟಾದರೂ ಮಾಡಿದೆನಲ್ಲ ಎಂದು ಒಂದೆರಡು ರಾತ್ರಿ ನಿದ್ದೆಯೂ ಬಂತು. ಚಾಚಾ ಮಾತ್ರ ಹೊರಗೆ ಬಂದವರೇ ತಾವು ಕೂರಿಸಿದ ಗೇಟುಗಳನ್ನು ಹುಡುಕಿಕೊಂಡು ಊರೂರು ತಿರುಗತೊಡಗಿದರು. ಅತನೂರ, ಯಡ್ರಾಮಿ, ಜೇವರ್ಗಿ. ಮನೆಯವರ ಕೈಕಾಲು ಹಿಡಿದು ಮೋಟಾರು ಬಿಚ್ಚಿ, ಗೇಟನ್ನು ಕೈಯಿಂದ ನೂಕುವ ಹಾಗೆ ಮಾಡಿ ಕೊಡುತ್ತಿದ್ದರು. ಕೆಲವರು ಹುಚ್ಚ ಎಂದು ಬೈದು ಅಟ್ಟಿದರು. "ನನ್ನ ಕೈಯಾಗ ಏನೋ ತಪ್ಪದರಿ. ಸಿಗೋತನಕ ಇದು ನಡೀಬಾರದು," ಎನ್ನುತ್ತಿದ್ದರಂತೆ.

ಕಡೆಗೆ ಹೇಳಿಬಿಡಬೇಕೆಂದು ನಾನು ಅಫಜಲಪುರಕ್ಕೆ ಹೋದೆ. ಚೌಡಾಪುರ ದಾಟುವವರೆಗೂ ಮಾತುಗಳನ್ನು ಜೋಡಿಸಿಕೊಂಡೆ. ಚಾಚಾ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಹಾಗೆ ತಂದ ಒಂದು ಮೋಟಾರು ಬಿಚ್ಚಿ ಹರಡಿಕೊಂಡು ಕೂತಿದ್ದರು. ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ.

"ಬರ್ರಿ ಸಾವಕಾರ್ರ. ಎಲ್ಲಾರೂ ಕೈ ಬಿಟ್ರು, ನೀವೊಬ್ಬರು ಬಿಡಲಿಲ್ಲ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಮೂರ ಸಲ ಬಿಚ್ಚಿ ನೋಡೇನ್ರಿ. ಸಿಗವಲ್ದು. ಖರೇ ಹೇಳ್ರಿ, ಅದಕ್ಕ ಮೊದಲ ಗೇಟು ಒಂದ ಸಲಾನಾದ್ರೂ ಹಂಗ ಮಾಡಿತ್ತೇನ್ರಿ? ನಿಮಗೇನರ ಕಂಡಿತ್ತೇನು? ಸಣ್ಣದಿದ್ರೂ ಹೇಳ್ರಿ. ಜೇವರ್ಗ್ಯಾಗ ಇಬ್ಬರಿಗಿ ಈ ಕೆಲಸ ಕಲಿಸೇನಿ. ಅವರಿಗರ ಹೇಳಿ ಸಾಯ್ತೇನಿ."

ಹಿಡಿದ ಕೈಯನ್ನು ಅವರು ಬಿಟ್ಟಿರಲಿಲ್ಲ. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಮಿಲ್ಲು ಕಣ್ಣಿಗೆ ಬಂತು, ಕೋರ್ಟು ಕಣ್ಣಿಗೆ ಬಂತು.

"ಏನೂ ಕಂಡಿದ್ದಿಲ್ಲ ಚಾಚಾ," ಎಂದೆ.

"ಹಂಗಾದ್ರ ನನ್ನ ಕೈದ ತಪ್ಪು," ಎಂದು ಅವರು ತಲೆ ಆಡಿಸಿದರು. ಒಳಗೆ ಚಹಾ ಮಾಡಲು ಹೇಳಿದರು. ನಾನು ಕುಡಿದು ಬಂದೆ.

ಕೇಸು ನಡೆಯುವ ಮೊದಲೇ ಚಾಚಾ ಹೋದರು. ಆರೋಪಿ ಇಲ್ಲದ ಮೇಲೆ ಕೇಸೂ ಮುಗಿಯಿತು. ಈಗ ಸತ್ಯ ಹೇಳಿದರೆ ಕೇಳಬೇಕಾದ ಮನುಷ್ಯನಿಲ್ಲ. ಮಣ್ಣಿಗೆ ಹೋದಾಗ ಜನ ನನಗೆ ದಾರಿ ಬಿಟ್ಟು ಮುಂದೆ ಕರೆದರು. ಜಾಮೀನು ನಿಂತ ಸಾವಕಾರ್ರು ಇವರೇ ಎಂದು ಒಬ್ಬರು ಇನ್ನೊಬ್ಬರಿಗೆ ತೋರಿಸಿದರು. ಹೊರಡುವಾಗ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆ. ಕಣ್ಣೀರು ಬಂತು. ಪರದೆಯ ಹಿಂದಿನಿಂದ ಚಾಚಾರ ಹೆಂಡತಿ ನನ್ನನ್ನೇ ಸಮಾಧಾನ ಮಾಡಿದರು.

"ಅಳಬ್ಯಾಡ್ರಿ ಸಾವಕಾರ್ರ. ಸುಳ್ಳು ಹೇಳದವರು ನೀವೊಬ್ಬರೇ ಅಂತಿದ್ರು."