ಇನ್ನೂರ ಹದಿನಾರು ಸಲ ಇಪ್ಪತ್ತೇಳು

ಶನಿವಾರ ಮಧ್ಯಾಹ್ನದಿಂದ ನನಗೆ ಇಪ್ಪತ್ತೇಳರ ಚಿಂತೆ ಅಂಟಿಕೊಂಡಿತ್ತು. ಮಗುವಿಗೆ ತುತ್ತು ಕೊಡುವಾಗಲೂ ಇಪ್ಪತ್ತೇಳು, ಬಟ್ಟೆ ಒಣಹಾಕುವಾಗಲೂ ಇಪ್ಪತ್ತೇಳು. ಚಿಂತೆ ಮಾಡುವುದರಲ್ಲಿ ನಾನು ಎತ್ತಿದ ಕೈ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮಗು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ಆದರೆ ಈ ಸಲದ ಚಿಂತೆಗೆ ಪುರಾವೆ ಇತ್ತು. ಲ್ಯಾಪ್‌ಟಾಪಿನೊಳಗೆ, ಸಾಲುಸಾಲಾಗಿ.

ನಾನು ಮನೆಯಿಂದಲೇ ಒಂದು ಸಣ್ಣ ಸಮೀಕ್ಷೆ ಕಂಪನಿಗೆ ಅಂಕಿಅಂಶದ ಕೆಲಸ ಮಾಡುತ್ತೇನೆ. ಮಗು ಮಲಗಿದಾಗ ನನ್ನ ಆಫೀಸು ತೆರೆಯುತ್ತದೆ, ಎದ್ದಾಗ ಮುಚ್ಚುತ್ತದೆ. ಆ ತಿಂಗಳ ಕೆಲಸ ಕುರ್ಚಿಯದು. ನಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಾಲ್‌ಗೆ ಮುನ್ನೂರು ಹೊಸ ಕುರ್ಚಿ ತರಿಸಬೇಕಿತ್ತು. ಎಂಥ ಕುರ್ಚಿ ಬೇಕು ಅಂತ ಜನರನ್ನು ನೇರವಾಗಿ ಕೇಳಿದರೆ "ಯಾವ್ದಾದ್ರೂ ಆಗತ್ತೆ, ಮೊದಲು ಡಾಕ್ಟ್ರು ಬರ್ಲಿ" ಅನ್ನುತ್ತಾರೆ. ಅದಕ್ಕೇ ಕಾರ್ಡು ತೋರಿಸುವುದು. ಒಂದೊಂದು ಕಾರ್ಡಿನಲ್ಲೂ ಎರಡು ಕುರ್ಚಿಯ ಚಿತ್ರ. ಒಂದಕ್ಕೆ ಕೈ ಇದೆ, ಬಣ್ಣ ನೀಲಿ. ಇನ್ನೊಂದಕ್ಕೆ ಕೈ ಇಲ್ಲ, ಮೆತ್ತೆ ಇದೆ, ಬಣ್ಣ ಹಸಿರು. ಎರಡರಲ್ಲಿ ಒಂದನ್ನು ಆರಿಸಬೇಕು. ಹೀಗೆ ಒಬ್ಬರಿಗೆ ಹನ್ನೆರಡು ಕಾರ್ಡು, ಅರವತ್ತು ಜನ, ಏಳುನೂರ ಇಪ್ಪತ್ತು ಆಯ್ಕೆ. ಇವನ್ನೆಲ್ಲ ಸಾಫ್ಟ್‌ವೇರಿಗೆ ಸುರಿದರೆ, ಜನ ಕೈಗೆ ಎಷ್ಟು ಬೆಲೆ ಕೊಟ್ಟರು, ಮೆತ್ತೆಗೆ ಎಷ್ಟು, ಬಣ್ಣಕ್ಕೆ ಎಷ್ಟು ಅಂತ ಅದು ಲೆಕ್ಕ ಹಾಕಿ ಹೇಳುತ್ತದೆ.

ಶುಕ್ರವಾರ ಸುರಿದೆ. "ಒಬ್ಬರೇ ಕೊಟ್ಟ ಉತ್ತರಗಳನ್ನು ಗುರುತಿಸುವ ಕಾಲಂ ಯಾವುದು?" ಎಂದು ಅದು ಕೇಳಿತು. ಅದೇ ಹೊತ್ತಿಗೆ ನಮ್ಮ ಪುಟ್ಟಿ ಬಣ್ಣದ ಪೆನ್ಸಿಲ್ಲಿನ ತುದಿಯನ್ನು ಮೂಗಿಗೆ ಸೇರಿಸಿಕೊಳ್ಳುತ್ತಿದ್ದಳು. ಅವಸರದಲ್ಲಿ 'ಮುಂದೆ' ಅಂತ ಒತ್ತಿ ಎದ್ದು ಓಡಿದೆ. ಬಂದು ನೋಡಿದರೆ ಆ ಜಾಗ ಖಾಲಿ, ಫಲಿತಾಂಶ ತಯಾರು. ಆ ಜಾಗ ಖಾಲಿ ಬಿಟ್ಟರೆ ಪ್ರತಿ ಸಾಲೂ ಹೊಸ ಮನುಷ್ಯನದು ಅಂತಲೇ ಸಾಫ್ಟ್‌ವೇರ್ ತಿಳಿಯುತ್ತದೆ. ಪರದೆಯಲ್ಲಿ 'ಕುರ್ಚಿಯ ಕೈ' ಎಂಬುದರ ಪಕ್ಕ ಮೂರು ನಕ್ಷತ್ರ ಹೊಳೆಯುತ್ತಿದ್ದವು. ನಮ್ಮ ಕಸುಬಿನಲ್ಲಿ ಮೂರು ನಕ್ಷತ್ರ ಅಂದರೆ ಉತ್ತರ ಪಕ್ಕಾ, ಅವು ಕಂಡರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. "ಜನರಿಗೆ ಕೈಯಿರುವ ಕುರ್ಚಿಯೇ ಬೇಕು" ಎಂದು ಬರೆದು ಕಂಪನಿ ನಡೆಸುವ ಮೇಡಂಗೆ ಕಳಿಸಿಬಿಟ್ಟೆ. ಸೋಮವಾರ ನಾಲ್ಕು ಗಂಟೆಗೆ ಅವರು ಆಸ್ಪತ್ರೆಯವರ ಜೊತೆ ಕೂತು ಅದನ್ನೇ ಆಖೈರು ಮಾಡುವವರಿದ್ದರು.

ಶನಿವಾರ ಸುಮ್ಮನೆ ಒಂದು ಸಲ ಕಣ್ಣಾಡಿಸೋಣ ಅಂತ ಸಾಲುಗಳನ್ನು ಉರುಳಿಸಿದೆ. ಉತ್ತರ ಕೊಟ್ಟವರ ನಂಬರಿನ ಜಾಗದಲ್ಲಿ ಇಪ್ಪತ್ತೇಳು. ಮತ್ತೆ ಇಪ್ಪತ್ತೇಳು. ಹನ್ನೆರಡು ಸಲ ಇರಬೇಕಾದ ನಂಬರು ಎಣಿಸಿದರೆ ಇನ್ನೂರ ಹದಿನಾರು ಸಲ! ಊರಿನ ಅಭಿಪ್ರಾಯ ಅಂತ ನಾನು ಕಳಿಸಿದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಯಾರೋ ಒಬ್ಬ ಪುಣ್ಯಾತ್ಮನದು.

"ಯಾರೋ ಕೂತವ್ರು ಏಳಲೇ ಇಲ್ಲ ಅನ್ಸತ್ತೆ," ಅಂದರು ಅತ್ತೆ. "ಅಷ್ಟು ಒದ್ದಾಡೋ ಬದ್ಲು ನಿಮ್ಮ ಮೇಡಂಗೆ ಒಂದು ಫೋನ್ ಮಾಡಬಾರ್ದೇನೆ?"

"ಮಾಡ್ತೀನಿ ಅತ್ತೆ. ಮೊದ್ಲು ಸರಿ ಉತ್ತರ ಸಿಗ್ಲಿ."

"ನೀನು ಗ್ಯಾಸ್ ಬುಕ್ ಮಾಡೋಕೂ ನನ್ನ ಮಗನ ಕೈಲೇ ಫೋನ್ ಮಾಡಿಸೋಳು. ನಂಗೊತ್ತಿಲ್ವಾ."

ಮಾತು ನಿಜ. ಫೋನ್ ಎಂದರೆ ನನಗೆ ಎದೆ ಡವಡವ. ಅದೂ ಮೇಡಂಗೆ! ಮಗು ಹುಟ್ಟಿದ ಮೇಲೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ದೊಡ್ಡದು. "ತಪ್ಪಾದ್ರೆ ನೋಡಿ ಮತ್ತೆ" ಎಂದು ಅವರು ನಗುನಗುತ್ತಲೇ ಹೇಳಿದ್ದರು. ಆ ನಗುವೇ ನನ್ನ ನಿದ್ದೆ ಕೆಡಿಸುವುದು.

ಭಾನುವಾರ ವಿಧಾನ ಬದಲಿಸಲು ಕೂತೆ. ನನ್ನೆದುರು ಮೂರು ದಾರಿ. ಮೊದಲನೆಯದು ಶುಕ್ರವಾರದ್ದು, ಇನ್ನೂರ ಹದಿನಾರು ಸಾಲಿಗೆ ಇನ್ನೂರ ಹದಿನಾರು ಮನುಷ್ಯರು. ಎರಡನೆಯದರಲ್ಲಿ ಯಾವ ಸಾಲು ಯಾರದೆಂದು ತಿಳಿಸುತ್ತೇವೆ, ಆದರೆ ಉತ್ತರ ಮೊದಲಿನದೇ ಬರುತ್ತದೆ, ಅದನ್ನು ಹೇಳುವ ಧೈರ್ಯ ಮಾತ್ರ ಕಡಿಮೆಯಾಗುತ್ತದೆ. ಥೇಟ್ ನನ್ನ ಹಾಗೆ. ಮೂರು ನಕ್ಷತ್ರ ಒಂದಕ್ಕಿಳಿದಿತ್ತು, ಅದೂ ಮಿಣಮಿಣ. ಮೂರನೆಯ ವಿಧಾನ ಒಬ್ಬೊಬ್ಬರ ಇಷ್ಟ ಒಂದೊಂದು ಥರ ಅಂತ ಒಪ್ಪಿಕೊಂಡೇ ಲೆಕ್ಕ ಶುರುಮಾಡುತ್ತದೆ. ಎಷ್ಟು ಕಾರ್ಡು ತುಂಬಿದರೂ ಒಬ್ಬರು ಒಬ್ಬರೇ. ಅದನ್ನು ಒತ್ತಿದೆ. ಲ್ಯಾಪ್‌ಟಾಪು ಒಂದು ಗಂಟೆ ಗುರ್ರ್ ಅಂದಿತು. ಪುಟ್ಟಿ ಅದರ ಬಿಸಿಗೆ ಕೆನ್ನೆಯಿಟ್ಟು ನಿದ್ದೆಹೋದಳು. ಎಬ್ಬಿಸಲು ಮನಸ್ಸಾಗದೆ, ಕಿರಣಗಿರಣ ತಾಗೀತೆಂದು ಹೆದರಿ ನಡುವೆ ಟವೆಲ್ ತೂರಿಸಿದೆ.

ಉತ್ತರ ಉಲ್ಟಾ ಹೊಡೆದಿತ್ತು. ಸರಾಸರಿ ತೆಗೆದರೆ ಜನರಿಗೆ ಕೈಯಿಲ್ಲದ ಕುರ್ಚಿ ಬೇಕು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಕೈಯಿಲ್ಲದ ಕುರ್ಚಿ ನನಗೂ ಬೇಕು. ಜ್ವರದ ಮಗುವನ್ನು ಎರಡು ಕುರ್ಚಿಯ ಮೇಲೆ ಅಡ್ಡ ಮಲಗಿಸಲು ಹೋದರೆ ನಡುವಿನ ಕೈ ಅದರ ಸೊಂಟಕ್ಕೆ ಒತ್ತುತ್ತದೆ. ಹಾಗಾದರೆ ನನಗೆ ಬೇಕಾದ ಉತ್ತರ ಬರುವ ತನಕ ವಿಧಾನ ಬದಲಿಸಿದೆನೇ? ಇಪ್ಪತ್ತೇಳರ ಜೊತೆ ಈಗ ನನ್ನ ಮೇಲೂ ಅನುಮಾನ ಹುಟ್ಟಿತು. ಪರದೆಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡೆ. ಮೇಡಂಗೆ ಸಂದೇಶ ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ.

ಸೋಮವಾರ ಹತ್ತೂವರೆಗೆ ಪುಟ್ಟಿಗೆ ಲಸಿಕೆ ಇತ್ತು, ಅದೇ ಆಸ್ಪತ್ರೆಯಲ್ಲಿ. ಇಂಜೆಕ್ಷನ್ ಮುಗಿಸಿ, ಅತ್ತೂ ಅತ್ತೂ ಬಿಕ್ಕುತ್ತಿದ್ದ ಅವಳನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ಗೆ ಬಂದರೆ, ನಮ್ಮ ಕಂಪನಿಗೆ ಕಾರ್ಡು ತೋರಿಸುವ ಅಕ್ಕ ಎದುರಾದರು. ಐವತ್ತರ ಹೆಂಗಸು, ಹೆಗಲಿಗೆ ಜೋಳಿಗೆಯಂಥ ಚೀಲ. ಈ ಸಲ ಅವರು ನಲ್ಲಿಗಳ ಸಮೀಕ್ಷೆಗೆ ಬಂದಿದ್ದರು.

"ಅಕ್ಕಾ, ಇಪ್ಪತ್ತೇಳು ಯಾರು?" ನಮಸ್ಕಾರವನ್ನೂ ಹೇಳದೆ ಕೇಳಿದೆ.

"ಅಯ್ಯೋ, ನಮ್ಮ ಲಿಫ್ಟ್ ತಾತ! ಅಗೋ ಅಲ್ಲಿ ಕೂತವ್ರಲ್ಲ."

ಕಂಬದ ಪಕ್ಕದ ಕೈಯಿಲ್ಲದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಎಲ್ಲ ಗುಂಡಿ ಹಾಕಿಕೊಂಡು ಒಬ್ಬ ಮುದುಕ ನೆಟ್ಟಗೆ ಕೂತಿದ್ದರು.

"ಜನ ಐದಾರು ಕಾರ್ಡು ನೋಡೋ ಹೊತ್ತಿಗೆ ಒಳಗಿಂದ ಹೆಸರು ಕರೀತಾರೆ, ಎದ್ದು ಓಡ್ತಾರೆ," ಅಂದರು ಅಕ್ಕ. "ಉಳಿದ ಕಾರ್ಡೆಲ್ಲಾ ತಾತನೇ ಮುಗಿಸಿಕೊಟ್ರು. ಆದ್ರೆ ನಾನು ಮೋಸ ಮಾಡಿಲ್ಲಪ್ಪ. ಬಾಯಿ ಯಾರದೋ ನಂಬರೂ ಅವರದೇ. ತಾತ ಹೇಳಿದ್ದಕ್ಕೆಲ್ಲಾ ಇಪ್ಪತ್ತೇಳು ಅಂತಲೇ ಬರೆದೆ."

ಇಷ್ಟು ಪ್ರಾಮಾಣಿಕವಾಗಿ ಯಾರೂ ಒಂದು ಸಮೀಕ್ಷೆಯನ್ನು ಹಾಳು ಮಾಡಿರಲಾರರು.

ತಾತನ ಪಕ್ಕ ಕೂತೆ. ಮಾತಿಗೆ ಹಿಡಿದರೆ ಬಿಡುವ ಜನ ಅವರಲ್ಲ. ಏಳು ಮಹಡಿಯ ಕಚೇರಿಯೊಂದರ ಲಿಫ್ಟಿನಲ್ಲಿ ಮೂವತ್ತೊಂದು ವರ್ಷ ದುಡಿದಿದ್ದರು. ಇಡೀ ಜೀವಮಾನ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಮಹಡಿ?" ಮೊದಲು ಕೂರಲು ಒಂದು ಸ್ಟೂಲಿತ್ತಂತೆ. ಕೂತವನು ನಿಂತವರನ್ನು ಮೇಲಕ್ಕೆ ಕರೆದೊಯ್ಯುವುದು ಅಗೌರವ ಅಂತ ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಅನ್ನಿಸಿ, ಸ್ಟೂಲು ಉಗ್ರಾಣ ಸೇರಿತು. ಉಳಿದ ಇಪ್ಪತ್ತೆರಡು ವರ್ಷ ನಿಂತೇ ಏರಿಳಿದರು, ಮಂಡಿ ಹೋಯಿತು. ಕೊನೆಗೆ ತಾನೇ ಓಡುವ ಲಿಫ್ಟು ಬಂತು. ಗುಂಡಿ ಒತ್ತಲು ಜನ ಹೆದರಿದ್ದರಿಂದ, ಹೇಗೆ ಒತ್ತುವುದೆಂದು ಕಲಿಸಲು ಇವರನ್ನೇ ಇಟ್ಟುಕೊಂಡರು. ಎಲ್ಲರೂ ಕಲಿತರು. ಕಲಿತ ದಿನವೇ ಇವರಿಗೆ ಹಾರ ಹಾಕಿ ಕಳಿಸಿದರು.

"ಅಷ್ಟು ಚೆನ್ನಾಗಿ ಕಲಿಸಿದ್ದೆ ನೋಡು," ಅಂದರು ತಾತ, ಹೆಮ್ಮೆಯಿಂದಲೇ.

"ಇಲ್ಲಿಗೆ ದಿನಾ ಬರ್ತೀರಾ ತಾತ?"

"ಬಿಪಿ ನೋಡಿಸ್ಕೊಳ್ಳೋ ನೆಪ. ಆವತ್ತು ಈ ಅಕ್ಕ ಬಂದು 'ನಿಮಗೆ ಯಾವುದು ಬೇಕು?' ಅಂದ್ಬಿಟ್ಲು. ಎಪ್ಪತ್ತೆರಡು ವರ್ಷಕ್ಕೆ ಮೊದಲನೇ ಸಲ ಕಣಮ್ಮ! ನಮ್ಮನೆಯವಳು ಇದ್ದಾಗ ಅಂಗಿ ಬಟ್ಟೆ ಕೂಡ ಅವಳೇ ಆರಿಸ್ತಿದ್ಲು. ನಾನೇ ಆರಿಸೋದು ಅಂದ್ರೆ ಇಷ್ಟು ಚೆನ್ನಾಗಿರತ್ತೆ ಅಂತ ಯಾರೂ ಹೇಳೇ ಇರಲಿಲ್ಲ. ಹನ್ನೆರಡಕ್ಕೆ ನಿಲ್ಲಿಸೋಕೆ ಮನಸಾಗಲಿಲ್ಲ."

"ಬಣ್ಣ ಒಂದ್ಸಲ ನೀಲಿ, ಒಂದ್ಸಲ ಹಸಿರು ಆರಿಸಿದ್ದೀರಿ."

"ಒಂದೇ ಬಣ್ಣಕ್ಕೆ ಅಂಟ್ಕೊಂಡ್ರೆ ಇನ್ನೊಂದಕ್ಕೆ ಬೇಜಾರಾಗಲ್ವಾ? ಎಲ್ಲಾ ಮಹಡಿಗೂ ಹೋಗ್ಬೇಕು. ಆದ್ರೆ ಕೈ ಮಾತ್ರ ಬಿಟ್ಟಿಲ್ಲ, ನೋಡ್ಕೋ."

ನೋಡಿದ್ದೆ. ಒಂದೇ ಒಂದು ಸಲವೂ ಬಿಟ್ಟಿರಲಿಲ್ಲ. ಧೈರ್ಯ ಮಾಡಿ ಹೇಳಿದೆ: "ತಾತ, ನಿಮ್ಮ ಇನ್ನೂರ ಹದಿನಾರು ಉತ್ತರಾನ ನಾನು ಇನ್ನೂರ ಹದಿನಾರು ಜನ ಅಂದ್ಕೊಂಡ್ಬಿಟ್ಟಿದ್ದೆ. ಈಗ ಸರಿ ಮಾಡಿದ್ದೀನಿ. ನೀವು ಒಬ್ರು."

ತಾತ ಒಂದು ಬೆರಳು ಎತ್ತಿ ತೋರಿಸಿದರು.

"ಒಬ್ನೇನಾ?"

"ಒಬ್ರೇ."

"ಲಿಫ್ಟಲ್ಲಿ ದಿನಕ್ಕೆ ಇನ್ನೂರು ಸಲ ಹತ್ತಿ ಇಳಿದಿದ್ದೀನಿ. ಅದನ್ನೂ ಒಂದೇ ಸಲ ಅಂತೀಯಾ?"

"ಅಲ್ಲ ತಾತ. ಹತ್ತಿದ್ದು ಇನ್ನೂರು ಸಲ, ಮಂಡಿ ಮಾತ್ರ ಒಬ್ಬರದೇ ಅಲ್ವಾ?"

"ಎರಡಿವೆ," ಅಂದರು ತಾತ. "ಎರಡೂ ಹೋಗಿವೆ."

ಅಷ್ಟರಲ್ಲಿ ಒಳಗಿಂದ ನರ್ಸು "ಬಿಪಿ ತಾತಾ, ಬನ್ನಿ" ಎಂದು ಕೂಗಿದರು. ತಾತ ಮುಂದಕ್ಕೆ ಬಾಗಿದರು. ಕೈಗಳು ಎರಡೂ ಪಕ್ಕದಲ್ಲಿ ಏನನ್ನೋ ತಡಕಿದವು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಅರ್ಧ ಎದ್ದು ಧಪ್ಪನೆ ಕೂತರು. ಇನ್ನೊಂದು ಸಲ. ಮುಖ ಕೆಂಪಾಯಿತು, ಹಣೆಯ ಮೇಲೆ ಬೆವರು. ನಾನು ಮಗುವನ್ನು ಅಕ್ಕನ ಕೈಗೆ ದಾಟಿಸುವಷ್ಟರಲ್ಲಿ ಮೂರನೆಯ ಸಲವೂ ಕೂತಾಗಿತ್ತು.

"ಹೋದ ವಾರ ಪಕ್ಕದಲ್ಲಿ ಯಾರೂ ಇರಲಿಲ್ಲ," ಎಂದು ನಕ್ಕರು. "ಹತ್ತರಿಂದ ಹನ್ನೆರಡರ ತನಕ ಇಲ್ಲೇ. ಮೂರು ಸಲ ಕೂಗಿದ್ರು. ಆಮೇಲೆ, ಬಂದೇ ಇಲ್ಲ ಅಂತ ಬರ್ಕೊಂಡ್ರಂತೆ."

ತೋಳು ಹಿಡಿದು ಎಬ್ಬಿಸಿ, ಅವರನ್ನು ಒಳಗೆ ಬಿಟ್ಟು ಬಂದೆ. ಫೋನ್ ತೆಗೆದು ಭಾನುವಾರದ ಫೋಟೋ ನೋಡಿದೆ. ನಾನು ನೋಡಿದ್ದು ಮೊದಲನೇ ಕಾಲಂ ಮಾತ್ರ, ಸರಾಸರಿಯದು. ಅದರ ಪಕ್ಕದಲ್ಲೇ ಇನ್ನೊಂದಿತ್ತು: ಜನರ ಇಷ್ಟ ಆ ಸರಾಸರಿಯಿಂದ ಎಷ್ಟು ದೂರ ಚದುರಿದೆ ಎಂಬುದು. ಬಣ್ಣಕ್ಕೆ ಅಲ್ಲಿ ಸಣ್ಣ ಸಂಖ್ಯೆ. ಕುರ್ಚಿಯ ಕೈಗೆ ಮಾತ್ರ ಸರಾಸರಿಯನ್ನೇ ನುಂಗುವಂಥ ಸಂಖ್ಯೆ. ಅದರ ಕೆಳಗೆ ಒಬ್ಬೊಬ್ಬರ ಪಟ್ಟಿ. ಅಲ್ಲೇ ನಿಂತು ಬೆರಳು ಮಡಚಿ ಎಣಿಸಿದೆ. ಮೂವತ್ತೆಂಟು ಜನರಿಗೆ ಕೈ ಬೇಡವೇ ಬೇಡ. ಇಪ್ಪತ್ತೆರಡು ಜನರಿಗೆ ಬೇಕೇ ಬೇಕು. ನಡುವೆ ಯಾರೂ ಇಲ್ಲ. ನಾನು ಸರಾಸರಿ ಎಂದು ಕಳಿಸಲು ಹೊರಟಿದ್ದ ಮನುಷ್ಯ ಆ ಹಾಲ್‌ನಲ್ಲಿ ಎಲ್ಲೂ ಕೂತಿರಲಿಲ್ಲ.

ಬಿಪಿ ಮುಗಿದ ಮೇಲೆ ತಾತನನ್ನು ಮತ್ತೆ ತಂದು ಕೂರಿಸಿದೆ. ಪುಟ್ಟಿಯನ್ನು ನನಗೆ ಒಪ್ಪಿಸಿ ಅಕ್ಕ ನಲ್ಲಿಗಳ ಕೆಲಸಕ್ಕೆ ಹೋದರು. ಗಡಿಯಾರ ಹನ್ನೊಂದೂ ಮುಕ್ಕಾಲು. ನಾಲ್ಕು ಗಂಟೆಗೆ ಮುನ್ನೂರೂ ಕೈಯಿರುವವಾದರೆ ಜ್ವರದ ಮಕ್ಕಳೆಲ್ಲ ತಾಯಂದಿರ ತೊಡೆಯಲ್ಲಿ ಮುದುಡಿಕೊಳ್ಳಬೇಕು. ನಾನು ಅರ್ಧ ಮಾತು ಹೇಳಿ ಮುನ್ನೂರೂ ಕೈಯಿಲ್ಲದವಾದರೆ ಈ ಮುದುಕ ಕರೆದಾಗ ಏಳಲಾರರು. ಸಂದೇಶ ಕಳಿಸಿದರೆ ಮೇಡಂ ಸಂಜೆ ಓದುತ್ತಾರೆ.

"ತಾತ, ಐದು ನಿಮಿಷ ಇವಳನ್ನ ನೋಡ್ಕೋತೀರಾ? ಒಂದು ಫೋನ್ ಮಾಡ್ಬೇಕು."

"ಕೊಡಮ್ಮ. ನಾನೆಲ್ಲಿ ಓಡಿ ಹೋಗ್ತೀನಿ?"

ಪುಟ್ಟಿ ಅವರ ತೊಡೆಯೇರಿ ಅಂಗಿಯ ಗುಂಡಿ ಎಣಿಸತೊಡಗಿದಳು. ಗುಂಡಿ ಕಿತ್ತು ನುಂಗಿದರೆ ಅಂತ ಒಂದು ಚಿಂತೆ ಬಂತು. ಅದನ್ನು ಹಾಗೇ ಬಿಟ್ಟು ನೀರಿನ ಫಿಲ್ಟರಿನ ಪಕ್ಕಕ್ಕೆ ಹೋಗಿ ನಿಂತೆ. ಎರಡು ಸಲ ನಂಬರು ಒತ್ತಿ ರಿಂಗಾಗುವ ಮುಂಚೆಯೇ ಕತ್ತರಿಸಿದೆ. ಮೂರನೆಯ ಸಲ ಕತ್ತರಿಸುವಷ್ಟರಲ್ಲಿ ಮೇಡಂ ಎತ್ತಿಬಿಟ್ಟರು.

"ಏನ್ರೀ, ನೀವು ಫೋನ್ ಮಾಡಿದ್ದೀರಾ? ಮಗು ಹುಷಾರಾಗಿದೆ ತಾನೆ?"

"ಹುಷಾರಾಗಿದೆ ಮೇಡಂ. ವರದಿ ಹುಷಾರಿಲ್ಲ. ಶುಕ್ರವಾರ ಕಳಿಸಿದ್ದು ತಪ್ಪು. ತಪ್ಪು ನಂದೇ."

ಉತ್ತರಕ್ಕೆ ಕಾಯದೆ ಇಪ್ಪತ್ತೇಳರ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ.

"ನಾಲ್ಕಕ್ಕೆ ಮೀಟಿಂಗ್ ಇದೆ ಕಣ್ರೀ," ಅಂದರು ಮೇಡಂ. "ಒಂದೇ ಮಾತಲ್ಲಿ ಹೇಳಿ. ಜನಕ್ಕೆ ಕೈ ಬೇಕಾ, ಬೇಡ್ವಾ?"

"ಒಂದೇ ಮಾತಲ್ಲಿ ಆಗಲ್ಲ ಮೇಡಂ. ಎರಡು ಥರದ ಜನ ಇದ್ದಾರೆ, ಎರಡು ಥರದ ಕುರ್ಚಿ ಬೇಕು. ಪೆನ್ ತಗೊಳ್ಳಿ, ಹೇಳ್ತೀನಿ."

ನಾನೇ ಹಾಗೆ ಹೇಳಿದ್ದು. ಆ ಕಡೆ ಮೇಜಿನ ಖಾನೆ ಎಳೆದ ಸದ್ದಾಯಿತು.