ಬೂದಿ ಹಾಕಬೇಡಿ ಎಂದು ಮನೆಮನೆಗೆ ಹೋದ ಖುರ್ಷಿದ್ ಬೇಗಂ

ಕಡೂರಿನಲ್ಲಿ ರೈಲು ಹಳಿಯ ಆಚೆಗಿನ ಒಂದು ಬೀದಿಯ ಜನ, ಕುಂಡದ ಗಿಡಕ್ಕೆ ಏನಾದರೂ ಆದರೆ ಖುರ್ಷಿದ್ ಬೇಗಂ ಅವರನ್ನೇ ಕೇಳುತ್ತಿದ್ದರು. ಅವರಿಗೆ ಐವತ್ತಾರು ವರ್ಷ. ಗಂಡ ದಾವೂದ್ ಸಾಬ್ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾರೆ. ಖುರ್ಷಿದ್ ಬೇಗಂ ಮದುವೆಯಾಗಿ ಬಂದ ವರ್ಷ ಪೇಂಟ್ ಡಬ್ಬದಲ್ಲಿ ಒಂದು ಕರಿಬೇವು ನೆಟ್ಟಿದ್ದರು. ಈಗ ತಾರಸಿಯ ಮೇಲೆ ಎಂಬತ್ತಕ್ಕೂ ಹೆಚ್ಚು ಕುಂಡಗಳಿವೆ. ಕೆಲವನ್ನು ಮಾರುತ್ತಾರೆ, ಹೆಚ್ಚಿನವನ್ನು ಹಾಗೇ ಕೊಟ್ಟುಬಿಡುತ್ತಾರೆ.

ಅವರ ಬಳಿ ಎಲ್ಲಕ್ಕೂ ಒಂದೇ ಮದ್ದು: ಒಲೆಯ ಬೂದಿ ಒಂದು ಹಿಡಿ, ಕುಟ್ಟಿದ ಮೊಟ್ಟೆ ಸಿಪ್ಪೆ ಒಂದು ಹಿಡಿ. ಅದು ಬಹಳ ವರ್ಷ ಕೆಲಸವನ್ನೂ ಮಾಡಿತ್ತು. ಆಗ ಅವರ ತಮ್ಮ ಹೆಬ್ಬೆ ಕಡೆಗೆ ಲಾರಿ ಓಡಿಸುತ್ತಿದ್ದ. ಬರುವಾಗ ಅಲ್ಲಿಯ ಕೆಂಪು ಮಣ್ಣನ್ನು ಚೀಲದಲ್ಲಿ ತಂದುಕೊಡುತ್ತಿದ್ದ. ಮಳೆ ಹೆಚ್ಚು ಬೀಳುವ ಕಡೆಯ ಆ ಮಣ್ಣು ಹುಳಿ ಸ್ವಭಾವದ್ದು, ಬೂದಿ ಅದಕ್ಕೆ ಒಗ್ಗುತ್ತಿತ್ತು. ತಮ್ಮನು ಲಾರಿ ಕೆಲಸ ಬಿಟ್ಟ ಮೇಲೆ ಊರ ಹೊರಗಿನ ಹೊಲದ ಮಣ್ಣು ಬರತೊಡಗಿತು. ನಲ್ಲಿ ನೀರು ಸಾಲದೆ ಗಿಡಗಳಿಗೆ ಬೋರ್ ನೀರು ಹಾಕಿದರು. ಮದ್ದು ಮಾತ್ರ ಬದಲಾಗಲಿಲ್ಲ.

ಎದುರುಮನೆಯ ವಿಮಲಮ್ಮನವರ ಬಳಿ ಒಂದು ದುಂಡುಮಲ್ಲಿಗೆ ಇತ್ತು. ಅವರ ತಾಯಿ ಅಂತರಘಟ್ಟೆಯಲ್ಲಿ ಬೆಳೆಸಿದ್ದ ಬಳ್ಳಿಯ ತುಂಡಿನಿಂದ ಬಂದದ್ದು. ತಾಯಿ ತೀರಿಕೊಂಡ ಮೇಲೆ ಜಮೀನಿನ ಖಾತೆಯ ವಿಚಾರಕ್ಕೆ ತಮ್ಮ ಆನಂದನ ಜೊತೆ ಜಗಳವಾಗಿ, ವಿಮಲಮ್ಮ ಒಂಬತ್ತು ವರ್ಷದಿಂದ ತವರಿಗೆ ಹೋಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಆ ಮಲ್ಲಿಗೆಯ ಚಿಗುರೆಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿ ಉಳಿದವು.

"ಬೂದಿ ಸಾಲ್ದು ಕಣ್ರೀ. ಇನ್ನೊಂದ್ ಹಿಡಿ ಹಾಕಿ" ಎಂದರು ಖುರ್ಷಿದ್ ಬೇಗಂ.

ವಿಮಲಮ್ಮ ಹಾಕಿದರು. ಎಲೆ ಇನ್ನಷ್ಟು ಬಿಳುಚಿಕೊಂಡಿತು. ಮತ್ತೂ ಹಾಕಿದರು. ಶ್ರಾವಣದ ಹೊತ್ತಿಗೆ ಬಳ್ಳಿ ಒಣಗಿತು.

ಮರುವರ್ಷ ಖುರ್ಷಿದ್ ಬೇಗಂ ಅವರ ತಾರಸಿಯಲ್ಲೇ ಕರಿಬೇವು, ದಾಸವಾಳ, ಗುಲಾಬಿ ಒಂದರ ಹಿಂದೊಂದು ಹಳದಿಯಾದವು. ಗೊಬ್ಬರ ಕಡಿಮೆಯಾಗಿದೆಯೆಂದು ಯೂರಿಯಾ ಹಾಕಿದರು; ಎಲೆಯಂಚು ಸುಟ್ಟಿತು. ಆ ದಿನಗಳಲ್ಲೇ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ತ್ರಿವೇಣಿ, ಕರಿಬೇವು ಕೇಳಿಕೊಂಡು ತಾರಸಿಗೆ ಹತ್ತಿದರು. ಗಿಡ ನೋಡಿ, ಮರುದಿನ ಹುಳಿ-ಕ್ಷಾರ ತೋರಿಸುವ ಕಾಗದದ ಪಟ್ಟಿ ತಂದರು. ಕುಂಡದ ಮಣ್ಣನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಪಟ್ಟಿ ಅದ್ದಿದರು. ಅದು ಕಡು ಹಸಿರಿಗೆ ತಿರುಗಿತು.

"ಎಂಟೂವರೆ ಹತ್ರ ಇದೆ, ಏಳು ದಾಟಿದ್ರೆ ಕ್ಷಾರ. ಈ ಗಿಡಗಳಿಗೆ ಆರೂವರೆ ಇದ್ರೆ ಸಾಕು. ಮಣ್ಣಲ್ಲಿ ಕಬ್ಬಿಣದಂಶ ಇದೆ ಖುರ್ಷಿದಮ್ಮ, ಆದ್ರೆ ಇಷ್ಟು ಕ್ಷಾರ ಆದ್ರೆ ಬೇರು ಅದನ್ನ ಎಳ್ಕೊಳ್ಳೋಕಾಗಲ್ಲ. ಬೂದಿ, ಮೊಟ್ಟೆ ಸಿಪ್ಪೆ ಎರಡೂ ಸುಣ್ಣದ ಜಾತಿ. ಬೋರ್ ನೀರೂ ಅದೇ."

"ಇಪ್ಪತ್ ವರ್ಸದಿಂದ ಹಾಕ್ತಿದೀನಿ ಟೀಚರಮ್ಮ."

ತ್ರಿವೇಣಿ ವಾದ ಮಾಡದೆ, ಪಟ್ಟಿಯ ಡಬ್ಬಿಯನ್ನು ಅಲ್ಲೇ ಬಿಟ್ಟು ಇಳಿದರು.

ಖುರ್ಷಿದ್ ಬೇಗಂ ಎರಡು ದಿನ ತಾರಸಿಗೆ ಹೋಗಲಿಲ್ಲ. ವಿಷಯ ತಿಳಿದ ದಾವೂದ್ ಸಾಬ್ ಅಂಗಡಿಯಿಂದ ಒಂದು ಹಳೆಯ ಪೈಪಿನ ತುಂಡು ತಂದು ಮುಂದಿಟ್ಟರು. ಒಳಗೆ ಬೆರಳು ದಪ್ಪ ಬಿಳಿ ಪದರ ಕಟ್ಟಿತ್ತು. "ನಮ್ಮ ನೀರಿನ ಸುಣ್ಣ ಇದು. ಪೈಪಿಗೇ ಹಿಂಗಾದ್ರೆ ಬೇರಿಗೆ ಹೆಂಗೆ?" ಎಂದು ಮನೆಯಲ್ಲಾಡುವ ದಖನಿ ಉರ್ದುವಿನಲ್ಲೇ ಕೇಳಿದರು.

ಮಳೆಗಾಲದಲ್ಲಿ ಖುರ್ಷಿದ್ ಬೇಗಂ, ತ್ರಿವೇಣಿಯವರನ್ನು ಕೇಳಿಕೊಂಡು, ಎರಡು ಕರಿಬೇವಿನ ಕುಂಡಗಳನ್ನು ಬೇರೆ ಇಟ್ಟರು. ಒಂದಕ್ಕೆ ಹಳೆಯ ರೀತಿ. ಇನ್ನೊಂದರ ಮಣ್ಣಿಗೆ ಎಲೆಗೊಬ್ಬರ, ಕ್ಷಾರ ತಗ್ಗಿಸುವ ಗಂಧಕದ ಪುಡಿ ಒಂದು ಚಿಟಿಕೆ ಬೆರೆಸಿ, ಡ್ರಮ್ಮಿನಲ್ಲಿ ಹಿಡಿದ ಮಳೆನೀರನ್ನಷ್ಟೇ ಹಾಕಿದರು. ವಾರಕ್ಕೊಮ್ಮೆ ನೀರಾದ ಹುಳಿಮಜ್ಜಿಗೆ. ಎರಡು ತಿಂಗಳಿಗೆ ಎರಡನೆಯದು ಹಸಿರು ಚಿಗುರು ಬಿಟ್ಟಿತು. ಮೊದಲನೆಯದು ಹಳದಿಯಾಗಿಯೇ ಇತ್ತು.

ಆಮೇಲೆ ಅವರು ಬೀದಿಯ ಹದಿನಾಲ್ಕು ಮನೆಗೆ ಹೋಗಿ, ತಾವು ಹೇಳಿದ್ದು ತಪ್ಪಾಗಿತ್ತು, ಬೂದಿ ಹಾಕಬೇಡಿ ಎಂದರು. ಕೆಲವರು ನಕ್ಕರು, ಜವರಮ್ಮ ಎಂಬ ಮುದುಕಿ ನಂಬಲೇ ಇಲ್ಲ. ಕೊನೆಗೆ ಎದುರುಮನೆಗೆ ಹೋದರು.

"ಹಂಗಾರೆ ನಮ್ಮಮ್ಮನ ಮಲ್ಲಿಗೆ ನೀವು ಹೇಳಿದ್ ಬೂದಿಗೇ ಹೋಯ್ತಾ?"

"ಹೂಂ ಕಣ್ರೀ. ನನ್ ಮಾತಿಗೇ ಹೋಯ್ತು."

ವಿಮಲಮ್ಮ ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಮುಂದಿನ ವಾರ ಖುರ್ಷಿದ್ ಬೇಗಂ ಬಸ್ಸು ಹತ್ತಿ ಅಂತರಘಟ್ಟೆಗೆ ಹೋಗಿ ಆನಂದನ ಮನೆ ಹುಡುಕಿದರು. ಮೂಲ ಬಳ್ಳಿ ಹಿತ್ತಲಲ್ಲಿ ಇನ್ನೂ ಇತ್ತು.

"ಅಕ್ಕ ಹೇಳ್ಕಳ್ಸಿದ್ಲಾ?" ಎಂದ ಆನಂದ್.

"ಇಲ್ಲಪ್ಪ. ಅವ್ರಿಗೆ ಗೊತ್ತೂ ಇಲ್ಲ. ನಾನೇ ಬಂದೆ."

ಅವನು ಆರು ತುಂಡು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟ. ಆರರಲ್ಲಿ ಬೇರು ಬಿಟ್ಟದ್ದು ಎರಡು. ಚಳಿಗಾಲ ಕಳೆದ ಮೇಲೆ ಒಂದನ್ನು ಖುರ್ಷಿದ್ ಬೇಗಂ ಎದುರುಮನೆಯ ಜಗಲಿಯ ಮೇಲಿಟ್ಟು, ಎಲ್ಲಿಯದೆಂದು ಹೇಳಿದರು. ವಿಮಲಮ್ಮ ಕುಂಡವನ್ನು ಒಳಗೆ ತೆಗೆದುಕೊಂಡರು. ನೀರು ಯಾವುದು ಹಾಕಬೇಕೆಂದು ಕೇಳಲು ಸಂಜೆ ಅವರೇ ಬಂದರು.

ಹೋದ ತಿಂಗಳು ಆನಂದ್ ಕೆಲಸವಿದ್ದು ಕಡೂರಿಗೆ ಬಂದವನು ಖುರ್ಷಿದ್ ಬೇಗಂ ಮನೆಯಲ್ಲಿ ಟೀ ಕುಡಿದು ಹೋದ. ಅಕ್ಕನ ಮನೆಗೆ ಹೋಗಲಿಲ್ಲ. ಅವನು ಬೀದಿ ದಾಟಿದ ಮೇಲೆ ವಿಮಲಮ್ಮ ಬಂದರು.

"ಏನ್ ಕೇಳ್ದ?"

"ಬಳ್ಳಿ ಹೆಂಗೈತೆ ಅಂದ."

"ಅಷ್ಟೇನಾ?"

"ಅಷ್ಟೇ ಕಣ್ರೀ."